ಠಾಣಾದರ್ಶನ ಮೀಮಾಂಸೆ: ಮಳಖೇಡ ಪ್ರಕರಣ

ದೂರಿಲ್ಲ, ಸಮನ್ಸಿಲ್ಲ, ಒಳಗೆ ಕೂತ ಭಾವಮೈದುನನೂ ಇಲ್ಲ. ಬರೀ ನೋಡುವ ಸಲುವಾಗಿ ಪೊಲೀಸ್ ಠಾಣೆಗೆ ಹೋಗುವ ಮನುಷ್ಯನ ಬಗ್ಗೆ ಕನ್ನಡದಲ್ಲಿ ಶಾಸ್ತ್ರಗ್ರಂಥ ಬರಬೇಕಾದ ಕಾಲ ಬಂದಿದೆ. ಕವಿಗಳಿಗೆ ದಾರಿ ತೋರಿಸುವ ‘ಕವಿರಾಜಮಾರ್ಗ’ ಒಂಬತ್ತನೆಯ ಶತಮಾನದಲ್ಲೇ ಮಳಖೇಡದ ಆಸ್ಥಾನದಲ್ಲಿ ಹುಟ್ಟಿತು. ಠಾಣೆಗೆ ದಾರಿ ತೋರಿಸುವ ಕೃತಿಯೂ ಅದೇ ಊರಿನಿಂದ ಹೊರಡುವುದು ನ್ಯಾಯ. ಕಾಗಿಣಾ ದಂಡೆಯ ಕೋಟೆ, ಸಿಮೆಂಟ್ ಕಾರ್ಖಾನೆ, ಪೊಲೀಸ್ ಠಾಣೆ ಮೂರೂ ಇಲ್ಲಿವೆ. ಕೋಟೆಗೆ ಪ್ರವಾಸಿಗಳು ಹೋಗುತ್ತಾರೆ, ಕಾರ್ಖಾನೆಗೆ ಕೆಲಸದವರು. ಠಾಣೆಗೆ ಹೋಗುವವರ ಮುಖ ನೋಡಿದರೆ ತಾವಾಗಿ ಹೊರಟವರಲ್ಲವೆಂದು ಗೊತ್ತಾಗುತ್ತದೆ.

ಮೊದಲು ಇತಿಹಾಸ. ಕುತೂಹಲಿಗಳು ಮಾನ್ಯಖೇಟಕ್ಕೆ, ಅಂದರೆ ಅಂದಿನ ಮಳಖೇಡಕ್ಕೆ, ಹೊಸಬರಲ್ಲ. ಅರಬ್ ವರ್ತಕ ಸುಲೈಮಾನನ ಹೆಸರಿನಲ್ಲಿರುವ 851ರ ಬರಹವು ಇಲ್ಲಿನ ರಾಷ್ಟ್ರಕೂಟರ ದೊರೆ ‘ಬಲ್ಹರಾ’ನನ್ನು ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ರೋಮಿನ ದೊರೆಯ ಜೊತೆ ಜಗತ್ತಿನ ನಾಲ್ವರು ಮಹಾರಾಜರ ಸಾಲಿನಲ್ಲಿ ಕೂರಿಸಿತು. ಅಷ್ಟೆಲ್ಲ ವಿಚಾರಿಸಿದವನನ್ನು ಯಾರಾದರೂ ತಡೆದು “ನೀವು ಯಾರ ಕಡೆಯವ್ರಿ?” ಎಂದು ಕೇಳಿದ ಉಲ್ಲೇಖ ಆ ಬರಹದಲ್ಲಿಲ್ಲ. ಆಗಿನ ದೊರೆ ಅಮೋಘವರ್ಷ ನೃಪತುಂಗ. ಪ್ರಜೆಗಳ ಕಂಟಕ ಕಳೆಯಲೆಂದು ಅವನು ಎಡಗೈ ಬೆರಳನ್ನೇ ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನ್ ತಾಮ್ರಶಾಸನ ಹೇಳುತ್ತದೆ. ಭಕ್ತಿಯ ದೃಷ್ಟಿಯಿಂದ ಇದು ದೊಡ್ಡ ತ್ಯಾಗ, ಬೆರಳಚ್ಚು ವಿಭಾಗದ ದೃಷ್ಟಿಯಿಂದ ದಾಖಲೆ ನಾಶ. ಕಲ್ಕತ್ತೆಯಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕಚೇರಿ ತೆರೆದದ್ದು 1897ರಲ್ಲಿ. ದೊರೆ ಬಚಾವಾದ.

ಈ ಊರಿನ ಅತಿ ದೊಡ್ಡ ಪ್ರಕರಣ 972ರದು. ಆರೋಪಿ ಮಾಳವದ ಪರಮಾರ ಸೀಯಕ, ಅಪರಾಧ ಇಡೀ ರಾಜಧಾನಿಯ ಲೂಟಿ. ಆ ವರ್ಷವನ್ನು ಗುರುತಿಟ್ಟು ಬರೆದವನು ಧನಪಾಲನೆಂಬ ಕವಿ. ಆತ ಆರೋಪಿಯ ಊರಾದ ಧಾರೆಯಲ್ಲಿ ಕೂತು ತಂಗಿ ಸುಂದರಿಗಾಗಿ ‘ಪಾಇಯಲಚ್ಛೀ’ ಎಂಬ ಪ್ರಾಕೃತ ನಿಘಂಟು ರಚಿಸಿದ. ಮಾಳವದವರು ಮಾನ್ಯಖೇಟವನ್ನು ಕೊಳ್ಳೆಹೊಡೆದ ವರ್ಷ ಇದನ್ನು ಬರೆದೆನೆಂದು ಕೊನೆಗೆ ಸೇರಿಸಿದ. ಘಟನೆ ನಡೆದದ್ದು ಒಂದು ಸರಹದ್ದಿನಲ್ಲಿ, ಬರೆದುಕೊಂಡದ್ದು ಇನ್ನೊಂದರಲ್ಲಿ! ಇದನ್ನೇ ಇಂದು ಜೀರೋ ಎಫ್‌ಐಆರ್ ಅನ್ನುತ್ತಾರೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಅದಕ್ಕೆ ಶಾಸನದ ಬಲ ಕೊಟ್ಟದ್ದು 2024ರ ಜುಲೈ 1ರಿಂದ. ಧನಪಾಲ ಸಾವಿರ ವರ್ಷ ಮೊದಲೇ ದಾರಿ ಹಾಕಿದ್ದ. ರೈಲಿನಲ್ಲಿ ನಿದ್ದೆಹೋಗಿ, ವಾಡಿ ಜಂಕ್ಷನ್ನಿನಲ್ಲಿ ಕಣ್ಣುಬಿಟ್ಟು, ಸೂಟ್‌ಕೇಸ್ ಯಾವ ಜಿಲ್ಲೆಯಲ್ಲಿ ಮಾಯವಾಯಿತೆಂದು ತಿಳಿಯದೆ ರೈಲ್ವೆ ಪೊಲೀಸರ ಮುಂದೆ ನಿಲ್ಲುವ ಪ್ರಯಾಣಿಕ ಅವನನ್ನು ನೆನೆಯಬೇಕು.

ನಡುವಿನ ಶತಮಾನಗಳನ್ನು ತಳವಾರನ ದೊಣ್ಣೆಗೂ ನಿಜಾಮನ ಅಮೀನ್ ಸಾಹೇಬರಿಗೂ ಒಪ್ಪಿಸಿ ಮುಂದೆ ಹೋಗಬಹುದು. ಒಂದು ವಿಚಿತ್ರವನ್ನು ಮಾತ್ರ ದಾಟುವಂತಿಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ ಟ್ಯಾಂಕುಗಳ ಸಮೇತ ನುಗ್ಗಿದ್ದು ಭಾರತದ ಸೇನೆ, ಸರ್ಕಾರ ಇಟ್ಟ ಹೆಸರು ‘ಪೊಲೀಸ್ ಕಾರ್ಯಾಚರಣೆ’. ಸೇಡಂ, ಚಿತ್ತಾಪುರ, ಚಿಂಚೋಳಿಯ ಹಿರಿಯರಿಗೆ ಪೊಲೀಸ್ ಎಂಬ ಶಬ್ದ ಟ್ಯಾಂಕಿನ ಜೊತೆಗೇ ಕಿವಿಗೆ ಬಿದ್ದಿದ್ದರೆ, ಅವರ ಮೊಮ್ಮಕ್ಕಳು ಠಾಣೆಯ ಎದುರಿನ ರಸ್ತೆ ಬಿಟ್ಟು ಆಚೆ ಬದಿಯಲ್ಲಿ ನಡೆಯುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಈಗ ಸಿದ್ಧಾಂತ. ಠಾಣೆಯ ವಿಶ್ವದಲ್ಲಿ ಮನುಷ್ಯರು ಐದು ಬಗೆ: ಫಿರ್ಯಾದಿ, ಆರೋಪಿ, ಸಾಕ್ಷಿ, ಜಾಮೀನುದಾರ, ಪಂಚ. ಪ್ರತಿಯೊಬ್ಬನಿಗೂ ಒಂದು ರಿಜಿಸ್ಟರು, ಒಂದು ಕಲಂ. ಕುತೂಹಲಿಗೆ ಯಾವುದೂ ಇಲ್ಲ. ಆದ್ದರಿಂದ ಅವನು ಬಾಗಿಲಿಗೆ ಬಂದರೆ ಈ ಭಾಗದ ಯಾವ ಠಾಣೆಯಲ್ಲೇ ಆಗಲಿ ಇಂಥ ಶಾಸ್ತ್ರೀಯ ಸಂವಾದ ನಡೆಯದೆ ಇರದು:

“ಏನ್ ಆಗ್ಯಾದ್ರಿ?”

“ಏನೂ ಆಗಿಲ್ರಿ ಸಾಹೇಬ್ರ.”

“ಆಗಿಲ್ಲಂದ್ರ ಯಾಕ್ ಬಂದೀರಿ?”

“ಸುಮ್ನ ನೋಡ್ಲಾಕ ಬಂದೀನ್ರಿ.”

ಇಲ್ಲಿ ದೀರ್ಘ ಮೌನ. ಸೆಂಟ್ರಿಯ ಕೈಯ ಬಂದೂಕು ಭುಜ ಬದಲಿಸುತ್ತದೆ. ವೈರ್‌ಲೆಸ್ ಒಬ್ಬಂಟಿಯಾಗಿ ಕರಕರ ಅನ್ನುತ್ತದೆ. ರೈಟರ್ ಪೆನ್ನು ಕೆಳಗಿಟ್ಟು, ಬಂದವನನ್ನು ಚಪ್ಪಲಿಯಿಂದ ತಲೆಯವರೆಗೆ ಒಮ್ಮೆ, ತಲೆಯಿಂದ ಚಪ್ಪಲಿಯವರೆಗೆ ಇನ್ನೊಮ್ಮೆ ನೋಡಿ, “ಕೂಡ್ರಿ” ಅನ್ನುತ್ತಾನೆ. ಈ ‘ಕೂಡ್ರಿ’ ಆತಿಥ್ಯವೋ ಬಂಧನವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಹಾಗೆ ನೋಡಿದರೆ ಕಾನೂನು ಕುತೂಹಲಿಯ ಪರ. ಬಂಧಿತರ ಹೆಸರು, ವಿಳಾಸ, ಅಪರಾಧದ ಸ್ವರೂಪವನ್ನು ಪ್ರತಿ ಠಾಣೆಯಲ್ಲೂ ಎದ್ದು ಕಾಣುವಂತೆ ಹಾಕಬೇಕೆಂದು ಅದೇ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಮು ಹೇಳುತ್ತದೆ. ಬಂಧಿಸುವ ಪೊಲೀಸರ ಎದೆಯ ಮೇಲೆ ಓದಲು ಬರುವಂಥ ಹೆಸರುಪಟ್ಟಿ ಇರಬೇಕೆಂದು ಸುಪ್ರೀಂ ಕೋರ್ಟು 1996ರ ಡಿ.ಕೆ. ಬಸು ತೀರ್ಪಿನಲ್ಲೇ ವಿಧಿಸಿದೆ. ಫಲಕ ಹಾಕಿದ ಮೇಲೆ ಓದುವವನೊಬ್ಬ ಬೇಕಲ್ಲವೇ? ಆರೋಪಿಗೆ ತನ್ನ ಹೆಸರು ಗೊತ್ತೇ ಇರುತ್ತದೆ.

ಹೊರದೇಶಗಳಲ್ಲಿ ಇದು ನಗುವ ವಿಷಯವಲ್ಲ. ಆಲ್ಟಸ್ ಎಂಬ ಜಾಗತಿಕ ಒಕ್ಕೂಟ 2006ರಲ್ಲಿ ಠಾಣಾ ಸಂದರ್ಶಕರ ಸಪ್ತಾಹವನ್ನೇ ಶುರುಮಾಡಿತು. ಸಾಮಾನ್ಯ ಜನ ಗುಂಪಾಗಿ ಠಾಣೆಗೆ ಹೋಗಿ, ಸುತ್ತು ಹಾಕಿ, ಕಟ್ಟಡದ ಸ್ಥಿತಿ, ಸಮಾನ ನಡವಳಿಕೆ, ಲಾಕಪ್ಪಿನ ವ್ಯವಸ್ಥೆಯಂಥ ಐದು ವಿಷಯಗಳಿಗೆ ಅಂಕ ಕೊಟ್ಟು ಬರುವ ಏರ್ಪಾಡು. ಕರ್ನಾಟಕ ಪೊಲೀಸರೂ ಹಿಂದೆ ಬಿದ್ದಿಲ್ಲ, ‘ತೆರೆದ ಮನೆ’ ಎಂಬ ಕಾರ್ಯಕ್ರಮವಿದೆ. ಶಾಲೆಯ ಮಕ್ಕಳು ಸಾಲಾಗಿ ಬರುತ್ತಾರೆ, ಬಂದೂಕು ನೋಡುತ್ತಾರೆ, ಲಾಕಪ್ ನೋಡುತ್ತಾರೆ, ಪಿಎಸ್‌ಐ ಸಾಹೇಬರ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ. ಹೀಗೆ ಕುತೂಹಲಕ್ಕೆ ವಯೋಮಿತಿ ತಾನಾಗಿ ನಿಗದಿಯಾಯಿತು. ಎಂಟನೇ ಈಯತ್ತೆಯ ಹುಡುಗ “ಸರ್, ಕಳ್ಳರು ಎಲ್ಲಿರ್ತಾರ?” ಎಂದರೆ ಜಾಣ. ಅವನಪ್ಪ ಅದನ್ನೇ ಕೇಳಿದರೆ ಅವನ ಮೊಬೈಲ್ ನಂಬರು ಬರೆದುಕೊಳ್ಳುತ್ತಾರೆ. ಇನ್ನು 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಬಂದ ಮೇಲೆ ಠಾಣೆಯೇ ಮನೆ ನೋಡಲು ಹೊರಟಿದೆ. ಬೀಟ್ ಪೊಲೀಸ್ ಬಂದು “ಏನೂ ಆಗಿಲ್ಲ, ಸುಮ್ನ ನೋಡ್ಲಾಕ ಬಂದೀನಿ” ಎಂದಾಗ ಚಿಂತಾಕ್ರಾಂತರಾಗುವುದು ಈಗ ಮನೆಯವರ ಸರದಿ.

ಹಾಗಾದರೆ ‘ಕೂಡ್ರಿ’ ಎನಿಸಿಕೊಂಡ ಆ ಬೆಂಚಿನ ಮೇಲಿನ ಕುತೂಹಲಿಯ ಗತಿ? ವರ್ಗೀಕರಣದ ಈ ಕಗ್ಗಂಟನ್ನು ಠಾಣೆ ತನ್ನದೇ ರೀತಿಯಲ್ಲಿ ಬಿಡಿಸುತ್ತದೆ. ಜಫ್ತಿ ಮಾಡಿದ ಮರಳಿನ ಟ್ರ್ಯಾಕ್ಟರ್ ಅಂಗಳಕ್ಕೆ ಬಂದು ನಿಂತಿರುತ್ತದೆ. ಪಂಚನಾಮೆ ಆಗಬೇಕು. ಶೋಧ ನಡೆಸುವಾಗ ಆ ಪ್ರದೇಶದ ಸ್ವತಂತ್ರ, ಗೌರವಸ್ಥ ನಿವಾಸಿಗಳು ಕನಿಷ್ಠ ಇಬ್ಬರು ಹಾಜರಿರಬೇಕೆಂದು ಸಂಹಿತೆಯ 103ನೇ ಕಲಮು ಹೇಳುತ್ತದೆ; ಲಿಖಿತವಾಗಿ ಕರೆದಾಗ ಕಾರಣವಿಲ್ಲದೆ ಒಲ್ಲೆನೆಂದರೆ ಅದೂ ಅಪರಾಧ. ಸ್ವತಂತ್ರ, ಗೌರವಸ್ಥ, ಸ್ಥಳೀಯ, ಮೇಲಾಗಿ ಬೇರೆ ಕೆಲಸವಿಲ್ಲದವನು ಒಬ್ಬ ಇಲ್ಲೇ ಕೂತಿದ್ದಾನಲ್ಲ! ರೈಟರ್ ಮುಖದಲ್ಲಿ ಮೊದಲ ಬಾರಿಗೆ ನಗು. “ಆಧಾರ್ ಕಾರ್ಡ್ ತಂದೀರೇನ್ರಿ? ಇಲ್ಲೊಂದ್ ಸಹಿ ಮಾಡ್ರಿ. ಇಲ್ಲೂ ಒಂದ್.” ಕುತೂಹಲಿ ಟ್ರ್ಯಾಕ್ಟರಿನ ನಂಬರು, ಮರಳಿನ ಅಳತೆ, ಕೊನೆಗೆ ಟ್ರಾಲಿಯ ತುಕ್ಕನ್ನೂ ಕಣ್ಣಾರೆ ನೋಡಿ ಸಹಿ ಹಾಕುತ್ತಾನೆ. ಇನ್ನು ಸೇಡಂ ಕೋರ್ಟನ್ನೂ ನೋಡಬಹುದು, ವಾಯಿದೆ ಬಿದ್ದಾಗಲೆಲ್ಲ.