ಒಗೆನೀರ ಮೀಮಾಂಸೆ

ಬಟ್ಟೆ ಒಗೆದ ಮೇಲೆ ಉಳಿಯುವ ಬೂದುಬಣ್ಣದ, ನೊರೆಸಹಿತವಾದ, ವಾರಸುದಾರರಿಲ್ಲದ ದ್ರವವೇ ಒಗೆನೀರು. ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಹಿತ್ತಿಲುಗಳಲ್ಲಿ ಇದು ಬಚ್ಚಲ ತೂಬಿನಲ್ಲಿ ಹುಟ್ಟಿ, ನಾಲ್ಕು ಮಾರು ಹರಿದು, ತೆಂಗಿನ ಬುಡದಲ್ಲಿ ಮೋಕ್ಷ ಪಡೆಯುತ್ತದೆ. ಇದೇ ಅರಸೀಕೆರೆ ತಾಲ್ಲೂಕಿಗೂ ನೀರುಣಿಸಬೇಕಾದ ಎತ್ತಿನಹೊಳೆ ಯೋಜನೆಯ ಲೆಕ್ಕ 24.01 ಟಿಎಂಸಿ, ಅದರ ಮೊದಲ ಹಂತಕ್ಕೆ ಚಾಲನೆ ದೊರೆತದ್ದು 2024ರ ಗೌರಿ ಹಬ್ಬದಂದು. ಒಗೆನೀರಿನ ಕಾಲುವೆಗೆ ಶಂಕುಸ್ಥಾಪನೆಯೂ ಇಲ್ಲ, ಉದ್ಘಾಟನೆಯೂ ಇಲ್ಲ. ಪರಿಷ್ಕೃತ ಅಂದಾಜು ಪಟ್ಟಿ ಮಾತ್ರ ಪ್ರತಿ ಭಾನುವಾರ ಸಿದ್ಧವಾಗುತ್ತದೆ.

ಕಾಲನಿರ್ಣಯ ಕಷ್ಟ. ಕೆರೆ, ತೂಬು, ಕಾಲುವೆಗಳಿಗೆ ದತ್ತಿ ಬಿಟ್ಟ ಅರಸರು ಧಾರಾಳವಾಗಿ ಸಿಗುತ್ತಾರೆ. ಒಗೆನೀರಿಗೆ ದತ್ತಿ ಬಿಟ್ಟವನು ಇನ್ನೂ ಸಿಗಬೇಕಾಗಿದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಶಿಲಾಬಾಲಿಕೆಯರು ಕನ್ನಡಿ ನೋಡಿಕೊಳ್ಳುತ್ತಾರೆ, ಗಿಳಿಯೊಡನೆ ಮಾತಾಡುತ್ತಾರೆ, ಕೋತಿ ಎಳೆದ ಸೀರೆಯನ್ನು ಬಿಡಿಸಿಕೊಳ್ಳುತ್ತಾರೆ. ಆ ಸೀರೆಯನ್ನು ಮರುದಿನ ಒಗೆದವರು ಯಾರು, ನೀರನ್ನು ಚೆಲ್ಲಿದ್ದೆಲ್ಲಿ ಎಂಬ ಪ್ರಶ್ನೆಗೆ ಕಲಾವಿಮರ್ಶೆ ಇದುವರೆಗೆ ಕೈ ಹಾಕಿಲ್ಲ. ದೇವರ ಸ್ನಾನದ ನೀರಿಗಾದರೋ ಪಕ್ಕಾ ವ್ಯವಸ್ಥೆ ಉಂಟು: ಗರ್ಭಗುಡಿಯ ಉತ್ತರದ ಗೋಡೆಯಿಂದ ಹೊರಚಾಚುವ ಕಲ್ಲಿನ ಪ್ರನಾಳ. ಮನೆಯ ಬಚ್ಚಲ ತೂಬು ಇದರ ಬಡ ದಾಯಾದಿ ಎಂಬುದಕ್ಕೆ ಆಧಾರವೂ ಇದೆ. ಶಿವಾಲಯದಲ್ಲಿ ಸೋಮಸೂತ್ರವನ್ನು, ಅಂದರೆ ಆ ಪ್ರನಾಳದ ನೀರು ಹರಿಯುವ ದಾರಿಯನ್ನು, ದಾಟಬಾರದು ಎನ್ನುವುದು ಶಾಸ್ತ್ರ. ಹಿತ್ತಿಲಲ್ಲಿ ತೂಬನ್ನು ದಾಟಬಾರದು ಎನ್ನುವುದು ಪಾಚಿ.

ಸೀಮೆಭೇದದಿಂದ ಸಿದ್ಧಾಂತಭೇದ. ಮಲೆನಾಡಿನ ಸೆರಗಿನಲ್ಲಿ, ಯಗಚಿಯ ಪಕ್ಕದಲ್ಲಿ ಕೂತ ಬೇಲೂರಿಗೆ ಒಗೆನೀರು ಒಂದು ಹವ್ಯಾಸ. ಹಳೇಬೀಡಿನವರಿಗೆ ಅದು ಸಮಾಧಾನ: ರಾಜಧಾನಿಗೇ ಹೆಸರು ಕೊಟ್ಟ ದ್ವಾರಸಮುದ್ರದಂಥ ಕೆರೆ ಎದುರಿಗಿದ್ದರೂ, ಅದಕ್ಕೆ ರಣಘಟ್ಟದ ಒಡ್ಡಿನಿಂದ ಯಗಚಿ ನೀರು ತರಿಸಲು ರೈತರು ಧರಣಿ ಕೂರಬೇಕಾಯಿತು. ಅರಸೀಕೆರೆ ಅಪ್ಪಟ ಬಯಲುಸೀಮೆ. ಅಲ್ಲಿ ಒಗೆನೀರು ದರ್ಶನವೇ ಆಗಿದೆ. ಪುನರ್ಜನ್ಮವನ್ನು ಒಪ್ಪದವರೂ ಬೇಸಿಗೆಯಲ್ಲಿ ಟ್ಯಾಂಕರ್ ಬರುವ ಬೀದಿಯಲ್ಲಿ ನಿಂತರೆ ಒಪ್ಪುತ್ತಾರೆ. ಒಂದೇ ಕೊಡ ನೀರು ಮೊದಲ ಜನ್ಮದಲ್ಲಿ ಬಟ್ಟೆ ಜಾಲಿಸುತ್ತದೆ, ಎರಡನೆಯದರಲ್ಲಿ ಬಚ್ಚಲು ತೊಳೆಯುತ್ತದೆ, ಮೂರನೆಯದರಲ್ಲಿ ಬೇರು ಸೇರುತ್ತದೆ, ಪುಣ್ಯವಿದ್ದರೆ ನಾಲ್ಕನೆಯದರಲ್ಲಿ ಎಳನೀರಾಗುತ್ತದೆ.

ಈಗ ರಸಾಯನ; ಗಿಡಗಳು ಸಾಯುವುದು ಇಲ್ಲಿಯೇ. ಒಗೆನೀರು ಏಕವಲ್ಲ, ತ್ರಿವಿಧ: ಸೋಪಿನ ನೀರು, ಮೊದಲ ಜಾಲು, ಕಡೇ ಜಾಲು. ಸೋಪಿನ ಪುಡಿಯಲ್ಲಿ ಕೊಳೆ ತೆಗೆಯುವ ದ್ರವ್ಯದ ಜೊತೆಗೆ ವಾಷಿಂಗ್ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್, ಧಾರಾಳವಾಗಿರುತ್ತದೆ. ಮೊದಲ ನೀರಿನ ಪಿಎಚ್ 9ರಿಂದ 10ರ ಆಸುಪಾಸು ಏರುತ್ತದೆ. ಸೋಡಿಯಂ ಮಣ್ಣಿಗಿಳಿದು, ಜೇಡಿಯ ಕಣಗಳಿಗೆ ಅಂಟಿದ್ದ ಕ್ಯಾಲ್ಸಿಯಂ ಅನ್ನು ಎಬ್ಬಿಸಿ ತಾನು ಆ ಜಾಗದಲ್ಲಿ ಕೂರುತ್ತದೆ. ಒಗ್ಗೂಡಿದ್ದ ಕಣಗಳು ಚದುರಿ ಮಣ್ಣಿನ ರಂಧ್ರಗಳನ್ನೆಲ್ಲ ಮುಚ್ಚುತ್ತವೆ. ಆಮೇಲೆ ಹೊಯ್ದ ನೀರು ಕೆಳಗಿಳಿಯದೆ ಬುಡದಲ್ಲೇ ನಿಂತು ಆಕಾಶ ನೋಡುತ್ತದೆ. ಒಣಗಿದಾಗ ಮೇಲ್ಪದರು ಬೆಳ್ಳಗಾಗಿ ಹಪ್ಪಳದಂತೆ ಬಿರಿಯುತ್ತದೆ. ಎರೆ ಮಣ್ಣಿನಲ್ಲಿ ಇದು ಬೇಗ, ಮರಳುಗೂಡಿದ ಕೆಂಪು ಮಣ್ಣಿನಲ್ಲಿ ತಡ. ಹಿಂದೆ ಮಡಿವಾಳರು ಚೌಳು ಮಣ್ಣನ್ನು ಹೊತ್ತು ತಂದು ಬಟ್ಟೆ ಒಗೆಯುತ್ತಿದ್ದರು. ಈಗ ಬಟ್ಟೆ ಒಗೆದು ಮಣ್ಣನ್ನೇ ಚೌಳು ಮಾಡುವ ವಿಧಾನ ಸಿದ್ಧಿಸಿದೆ, ಹೊರುವ ಶ್ರಮವಿಲ್ಲ. ಪರಿಹಾರ ಜಿಪ್ಸಮ್: ಅದರ ಕ್ಯಾಲ್ಸಿಯಂ ಬಂದು ಸೋಡಿಯಂ ಅನ್ನು ಒಕ್ಕಲೆಬ್ಬಿಸುತ್ತದೆ, ಒಳ್ಳೆಯ ಮಳೆ ಬಂದು ಅದನ್ನು ಕೆಳಕ್ಕೆ ಕೊಚ್ಚುತ್ತದೆ. ಅಂಟುವಾಳ, ಸೀಗೆಯ ನೀರಿಗೆ ಈ ದೋಷವಿಲ್ಲ, ಆದರೆ ಶಾಲೆಯ ಬಿಳಿ ಅಂಗಿಯ ಕಾಲರಿನ ಮುಂದೆ ಅವು ಸೋಲುತ್ತವೆ.

ಗಿಡಗಳಲ್ಲಿ ತೆಂಗು ಸರ್ವಭಕ್ಷಕ. ಕಡಲತಡಿಯ ಉಪ್ಪಿಗೂ ಜಗ್ಗದ ಜಾತಿ. ಬಾಳೆ, ಕೆಸ, ಕಾಬಾಳೆ ತಕರಾರಿಲ್ಲದೆ ಕುಡಿಯುತ್ತವೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿಗೆ ಹೊಯ್ಯಬಾರದು. ಕೂಸಿನ ಬಟ್ಟೆಯ ನೀರೂ ಬ್ಲೀಚ್ ಬಿದ್ದ ನೀರೂ ಯಾವ ಗಿಡಕ್ಕೂ ಸಲ್ಲ. ಡ್ರಮ್ಮಿನಲ್ಲಿ ಒಂದು ದಿನಕ್ಕಿಂತ ಹೆಚ್ಚು ಕೂಡಿಟ್ಟರೆ ಸೂಕ್ಷ್ಮಾಣುಗಳು ಆಮ್ಲಜನಕವನ್ನು ಮುಗಿಸಿ ನೀರು ನಾರುತ್ತದೆ. ಆ ಹಂತದಲ್ಲಿ ಶಾಸ್ತ್ರಾರ್ಥ ಬಿಟ್ಟು ಓಡುವುದು ಲೇಸು.

ಪಂಥಗಳು ಎರಡು. ಪೈಪ್ ಪಂಥದವರು ಬಟ್ಟೆ ಒಗೆಯುವ ಯಂತ್ರದ ಕೊಳವೆಯನ್ನು ನೇರ ಹಿತ್ತಿಲಿಗೆ ಬಿಡುತ್ತಾರೆ. ಮುಂದೆ ಬಾಗಿಲಿರುವ ಯಂತ್ರ ಒಂದು ಸರದಿಗೆ 50–60 ಲೀಟರ್ ಕೊಟ್ಟರೆ, ಮೇಲೆ ಬಾಗಿಲಿರುವುದು 100 ಲೀಟರ್ ದಾಟುತ್ತದೆ; ಮೂರೂ ನೀರು ಭೇದಭಾವವಿಲ್ಲದೆ ಒಂದೇ ಬುಡಕ್ಕೆ. ನೂಲು, ಎಳೆ ತಡೆಯಲು ಗುಂಡಿಯಲ್ಲಿ ತೆಂಗಿನ ಸಿಪ್ಪೆ, ಅದರಡಿ ಜಲ್ಲಿ. ಬಕೆಟ್ ಪಂಥದವರು ಸೋಪಿನ ನೀರನ್ನು ಬಚ್ಚಲಿಗೆ ಚೆಲ್ಲಿ, ಕಡೇ ಜಾಲನ್ನು ಮಾತ್ರ ಗಿಡಕ್ಕೆ ಹೊಯ್ದು, ಇಂದು ಈ ಬುಡ, ನಾಳೆ ಆ ಬುಡ ಎಂದು ಸರದಿ ಹಚ್ಚುತ್ತಾರೆ. ಸಿದ್ಧಾಂತದಲ್ಲಿ ಬಕೆಟ್ ಪಂಥವೇ ಗೆದ್ದಿದೆ. ಆದರೆ ಅದನ್ನು ಜಗುಲಿಯಲ್ಲಿ ಪ್ರತಿಪಾದಿಸುವವರು ಗಂಡಸರು, ಬಕೆಟ್ ಎತ್ತುವವರು ಬೇರೆ. ಎತ್ತುವವರ ಸೊಂಟ ಪೈಪಿನ ಪರ ಎಂಬುದನ್ನು ಪೂರ್ವಪಕ್ಷವಾಗಿಯೂ ಯಾರೂ ಎತ್ತಿಕೊಂಡಂತಿಲ್ಲ.

ನ್ಯಾಯಶಾಸ್ತ್ರದಲ್ಲಿ ಇತ್ಯರ್ಥವಾಗದ ವ್ಯಾಜ್ಯ ಒಂದೇ, ಬೇಲಿಯಂಚಿನ ತೆಂಗು. ನೀರು ಇವರದು, ಬುಡ ಅವರದು, ಕಾಯಿ ಗಾಳಿ ಬೀಸಿದ ಕಡೆಯವರದು.

ಮಳೆಗಾಲದಲ್ಲಿ ಪೈಪನ್ನು ಚರಂಡಿಗೆ ತಿರುಗಿಸಬೇಕು. ಬೇಲೂರಿನಲ್ಲಿ ಇದನ್ನು ಪಾಲಿಸುವುದು ಸುಲಭ. ಅರಸೀಕೆರೆಯಲ್ಲಿ ಮಳೆಗಾಲ ಯಾವಾಗ ಶುರುವಾಯಿತೆಂಬುದರ ಬಗ್ಗೆ ಪಂಡಿತರಲ್ಲಿ ಒಮ್ಮತ ಮೂಡದ ಕಾರಣ, ಪೈಪು ವರ್ಷವಿಡೀ ತೆಂಗಿನ ಬುಡದಲ್ಲೇ ಇರುತ್ತದೆ.