ರಾಕಿ ಉಂಡಿಲ್ಲ

ದಾಬಸ್‌ಪೇಟೆಯ ಸುತ್ತ ಇಂಥ ಗೌಡರು ಬೀದಿಗೊಬ್ಬರು. ಹೊಲ ಕೈಗಾರಿಕಾ ಪ್ರದೇಶಕ್ಕೆ ಹೋಗಿದೆ, ಪರಿಹಾರದ ದುಡ್ಡಲ್ಲಿ ಮೂರಂತಸ್ತು ಎದ್ದಿದೆ. ಹೊಲವಿದ್ದಾಗ ಮನೆ ನಾಯಿಗೆ ಹೆಸರೇ ಇರಲಿಲ್ಲ. ಮಿಕ್ಕ ಮುದ್ದೆ ಉಂಡು ಕೊಟ್ಟಿಗೆ ಕಾಯುತ್ತಿತ್ತು. ಈಗಿರುವುದು ಲ್ಯಾಬ್ರಡಾರ್. ಹೆಸರು ರಾಕಿ. ‘ನಿಮ್ಮ ನಾಯಿ’ ಎಂದವರಿಗೆ ಆ ಮನೆಯಲ್ಲಿ ಕಾಫಿ ಸಿಗುವುದಿಲ್ಲ.

ರಾಕಿ ತಟ್ಟೆಯಿಂದ ಮುಖ ತಿರುಗಿಸಿದರೆ ಗೌಡರಿಗೆ ಜೀವ ನಿಲ್ಲದು. ಮಗ ಮುನಿಸಿಕೊಂಡು ಉಪವಾಸ ಮಲಗಿದಾಗ ‘ಹಸಿದ್ರೆ ಎದ್ದು ಉಣ್ತಾನೆ ಬಿಡೇ’ ಎಂದಿದ್ದ ಬಾಯಿ ಈಗ ‘ಒಂದ್ ತುತ್ತು ಉಣ್ಣಪ್ಪ’ ಎಂದು ಗೋಗರೆಯುತ್ತದೆ. ಪಕ್ಕದ ಮನೆಯ ಅಜ್ಜಿ ಮೆಣಸಿನಕಾಯಿ ನಿವಾಳಿಸಿದ್ದಾಯಿತು. ಯಾರೋ ಬಿರಿಯಾನಿ ಹಾಕಿ ಎಂದರು, ಇನ್ಯಾರೋ ಜ್ವರದ ಮಾತ್ರೆ ಅರ್ಧ ಕೊಡಿ ಎಂದರು. ಪುಣ್ಯಕ್ಕೆ ಎರಡೂ ಆಗಲಿಲ್ಲ. ಬಿರಿಯಾನಿಯೊಳಗಿನ ಈರುಳ್ಳಿಯೂ ನಮ್ಮ ಪ್ಯಾರಾಸಿಟಮಾಲೂ ನಾಯಿಯ ರಕ್ತಕ್ಕೇ ಕುತ್ತು ತರುತ್ತವೆ.

ಕೊನೆಗೆ ಪಶು ಆಸ್ಪತ್ರೆ.

“ಬೆಳಗ್ಗೆಯಿಂದ ಒಂದಗಳು ಮುಟ್ಟಿಲ್ಲ ಸಾರ್.”

“ಬೇರೆ ಏನಾದ್ರೂ ತಿಂತಾ?”

“ಬೇರೆ ಏನಿಲ್ಲ. ಕಾಫಿ ಜೊತೆ ನಾಲ್ಕು ಬಿಸ್ಕತ್ತು. ನನ್ನ ತಟ್ಟೆ ಇಡ್ಲೀಲಿ ಅರ್ಧ. ಎರಡು ಮೊಟ್ಟೆ, ಅದೂ ಬಲವಂತಕ್ಕೆ. ಮೊಮ್ಮಗಳು ಬನ್ನು ಕೊಟ್ಟಳು, ಅದು ಲೆಕ್ಕಕ್ಕಿಲ್ಲ.”

ಡಾಕ್ಟರು ನಗಲಿಲ್ಲ, ತುಟಿ ಎತ್ತಿ ವಸಡು ನೋಡಿದರು, ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಹುಡುಕಿದರು. ಉಣ್ಣೆ ಜ್ವರದಲ್ಲೂ ನಾಯಿ ಊಟ ಬಿಡುತ್ತದೆ. ವಸಡು ಬಿಳಿಚಿ, ನೀರೂ ಬೇಡವೆಂದು ಮೂಲೆ ಹಿಡಿದರೆ ನಾಳೆ ನೋಡೋಣ ಎನ್ನುವಂತಿಲ್ಲ. ಥರ್ಮಾಮೀಟರು 102 ತೋರಿಸಿತು. ಗೌಡರು ಗೋಡೆ ಹಿಡಿದುಕೊಂಡರು.

“ನಾಯಿಗೆ ಅದೇ ಸರಿ ಗೌಡ್ರೇ, 101ರಿಂದ 102.5ರವರೆಗೆ. ದಿನಕ್ಕೆ ಎರಡೇ ಹೊತ್ತು, ತಂಪೊತ್ತಲ್ಲಿ ಹಾಕಿ. ಸ್ವಲ್ಪ ಬಿಸಿನೀರು ಬೆರೆಸಿದ್ರೆ ವಾಸನೆ ಏಳುತ್ತೆ. 20 ನಿಮಿಷ ಬಿಟ್ಟು ತಟ್ಟೆ ಎತ್ತಿಡಿ. ನಡುವೆ ಏನೂ ಇಲ್ಲ. ನಾಳೆಗೂ ಉಣ್ಣದಿದ್ರೆ ಕರ್ಕೊಂಡ್ ಬನ್ನಿ, ರಕ್ತ ನೋಡೋಣ.”

“ತುಪ್ಪ?”

ಎದುರಿಗಿನ ಶಿವಗಂಗೆ ಬೆಟ್ಟದಲ್ಲಿ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆಂದು ಜನ ನಂಬುತ್ತಾರೆ. ಗೌಡರ ಮನೆಯ ತುಪ್ಪ ರಾಕಿಯ ಸೊಂಟವಾಗಿತ್ತು. ಅದಕ್ಕೆ ನಂಬಿಕೆ ಬೇಕಿರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು.

“ತುಪ್ಪವೂ ಇಲ್ಲ.”

“ಒಂದು ಇಂಜೆಕ್ಷನ್ನಾದ್ರೂ ಹಾಕಿ ಸಾರ್, ದುಡ್ಡಿನ ಮುಖ ನೋಡಬೇಡಿ.”

ಸಂಜೆ ಗಡಿಯಾರ ಹಿಡಿದು ತಟ್ಟೆ ಇಟ್ಟರು. ರಾಕಿ ಮೂಸಿ, ಆಕಳಿಸಿ, ಸೋಫಾ ಹತ್ತಿತು. ತಟ್ಟೆ ಒಳಗೆ ಹೋಯಿತು. ‘ಅದು ಉಣ್ಣದೆ ನನಗೆ ಸೇರಲ್ಲ’ ಎಂದು ಗೌಡರೂ ಮುದ್ದೆಯ ಮುಂದೆ ಸುಮ್ಮನೆ ಕೂತರು. ಗೌಡತಿ 20 ನಿಮಿಷ ನೋಡಿ, ಅವರ ತಟ್ಟೆಯನ್ನೂ ಎತ್ತಿಟ್ಟರು.