ಓದಿ ಎನ್ನುವವನು, ಬಿಡಿ ಎನ್ನುವವನು

ಇಂಗ್ಲಿಷ್ ಫ್ಯಾಂಟಸಿ ಕಾದಂಬರಿಗಳ ಓದುಗರಲ್ಲಿ ಒಬ್ಬ ಪಂಚಾಯ್ತಿದಾರ ಇದ್ದೇ ಇರುತ್ತಾನೆ. ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಯಲ್ಲಿ ಡ್ರ್ಯಾಗನ್ ಮುಖಪುಟದ ಯಾವುದಕ್ಕಾದರೂ ಕೈ ಹಾಕಿ, ಬೆನ್ನ ಹಿಂದಿನಿಂದ ತೀರ್ಪು ಬರುತ್ತದೆ: ‘ಅದನ್ನ ಬಿಡಿ ಸಾರ್, ಇದನ್ನ ಓದಿ.’ ಅರ್ಧಂಬರ್ಧ ಓದಿ ಮಾತಾಡುತ್ತಾನೆ ಎಂದು ಈತನನ್ನು ಶಂಕಿಸುವವರಿದ್ದಾರೆ. ಅದು ಶುದ್ಧ ಅನ್ಯಾಯ. ಊರಿಗೆಲ್ಲ ‘ಬಿಡಿ’ ಎನ್ನುವ ಈತ ತಾನು ಒಂದು ಪುಟವನ್ನೂ ಬಿಟ್ಟವನಲ್ಲ. ರಾಬರ್ಟ್ ಜೋರ್ಡನ್ನರ ‘ವ್ಹೀಲ್ ಆಫ್ ಟೈಮ್’ 1990ರಲ್ಲಿ ಶುರುವಾಯಿತು. 2007ರಲ್ಲಿ ಲೇಖಕರೇ ತೀರಿಕೊಂಡರು. ಬ್ರ್ಯಾಂಡನ್ ಸ್ಯಾಂಡರ್ಸನ್ ಉಳಿದದ್ದನ್ನು ಬರೆದು 2013ರಲ್ಲಿ 14ನೇ ಸಂಪುಟಕ್ಕೆ ಮಂಗಳ ಹಾಡಿದರು. ಹತ್ತನೆಯದರಲ್ಲಿ ಕತೆ ಕದಲುವುದೇ ಇಲ್ಲ ಎಂದು ನಮ್ಮವನು ಗೊಣಗುತ್ತಾನೆ. ಸಾಂಬಾರು ಹಳಸಿದೆ ಎಂದು ಹೇಳಲು ಒಂದು ಸೌಟು ಸಾಕು; ಈತ ಕೊಳಗವನ್ನೇ ಬರಿದು ಮಾಡಿ ಬಂದು ಹೇಳುತ್ತಾನೆ. ಚಾಮುಂಡಿ ಬೆಟ್ಟ ಹತ್ತಿ ಬಂದವರು ದೇವಿಯ ದರ್ಶನಕ್ಕಿಂತ ಸಾವಿರ ಮೆಟ್ಟಿಲಿನ ಮಾತೇ ಹೆಚ್ಚು ಆಡುವುದಿಲ್ಲವೇ, ಹಾಗೆ. ಈತನ ತಕ್ಕಡಿಯಲ್ಲಿ ತೂಗುವುದು ಓದಿನ ಸುಖವಲ್ಲ, ಪಟ್ಟ ಪಾಡು.

ಇದರಿಂದಲೇ ಈತನ ‘ಓದಿ’ ಎಂಬ ಮಾತು ಅಪಾಯದ್ದು. ಜಾರ್ಜ್ ಆರ್. ಆರ್. ಮಾರ್ಟಿನ್‌ರ ಐದನೇ ಸಂಪುಟ ಬಂದದ್ದು 2011ರಲ್ಲಿ. ಪ್ಯಾಟ್ರಿಕ್ ರಾಥ್‌ಫಸ್‌ರ ಎರಡನೆಯದೂ ಅದೇ ವರ್ಷ. ಎರಡೂ ಸರಣಿಗಳಲ್ಲಿ ಮುಂದಿನ ಸಂಪುಟದ ಸುಳಿವಿಲ್ಲ. ಆದರೂ ‘ಈಗಲೇ ಶುರು ಮಾಡಿ, ಅದು ಬರೋ ಹೊತ್ತಿಗೆ ಮುಗಿಸಿರ್ತೀರ’ ಎನ್ನುತ್ತಾನೆ. ಮುಹೂರ್ತವೇ ಗೊತ್ತಾಗದ ಮದುವೆಗೆ ಛತ್ರ ಗೊತ್ತು ಮಾಡಿದ ಹಾಗೆ. ತಾನು ಕಾದದ್ದು ವ್ಯರ್ಥವಾಗಬಾರದು ನೋಡಿ, ಜೊತೆಗೆ ನಾಲ್ಕು ಜನ ಕಾಯಬೇಕು.

ದಿಂಬಿನಷ್ಟು ದಪ್ಪದ ಪುಸ್ತಕಗಳ ನಡುವೆ ಹೊಸಬರಿಗೆ ದಾರಿ ತೋರಿಸುವವರು ಬೇಡವೇ ಎಂದು ಕೇಳಬಹುದು. ಬೇಕು, ನಿಜ. ದಪ್ಪ ಪುಸ್ತಕಕ್ಕೆ ಈತ ‘ಬಿಡಿ’ ಎಂದರೆ ಕಣ್ಣು ಮುಚ್ಚಿ ನಂಬಬಹುದು. ನರಳಿದವನ ಸಾಕ್ಷಿ ಅದು. ಎಡವುವುದು ತೆಳ್ಳನೆಯ ಪುಸ್ತಕದಲ್ಲಿ. ಉರ್ಸುಲಾ ಲೆ ಗ್ವಿನ್‌ರ ‘ಎ ವಿಜರ್ಡ್ ಆಫ್ ಅರ್ಥ್‌ಸೀ’ 1968ರದು. ಹುಡುಗನೊಬ್ಬ ಮಾಂತ್ರಿಕರ ಶಾಲೆಗೆ ಹೋಗುವ ಕತೆ ಹ್ಯಾರಿ ಪಾಟರ್‌ಗಿಂತ 29 ವರ್ಷ ಮೊದಲೇ ಅಲ್ಲಿ ಬಂದಿತ್ತು, ಅದೂ ಒಂದೇ ಭಾನುವಾರದಲ್ಲಿ ಮುಗಿಯುವಷ್ಟು ಪುಟಗಳಲ್ಲಿ. ನರಳದೆ ಮುಗಿಸಿದ್ದು ಈತನ ಲೆಕ್ಕದಲ್ಲಿ ಓದೇ ಅಲ್ಲ. ಹಾಗಾಗಿ ಮೂಗು ಮುರಿದು ‘ತೆಳು ಸಾರ್, ಮಕ್ಕಳ ಪುಸ್ತಕ, ಬಿಡಿ’ ಎನ್ನುತ್ತಾನೆ. ಹಾಗೆಂದ ಕೂಡಲೇ ನೀವು ಬಿಲ್ ಹಾಕಿಸಿಬಿಡಿ.